ಸಾಫ್ಟ್‌ವೇರ್ ಉದ್ಯಮದಲ್ಲಿ ವೈವಿಧ್ಯ: ಬಾಗಿಲು ಯಾರಿಗೆ ತೆರೆದಿದೆ?

ಹೊರನಾಡಿನಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳಲ್ಲಿ ಸಾಫ್ಟ್‌ವೇರ್ ಉದ್ಯಮದ ನಂಟಿಲ್ಲದ ಮನೆ ಇಂದು ವಿರಳವೆಂದೇ ಹೇಳಬೇಕು. ಅಜ್ಜ ಹೋಟೆಲಿನ ಗಲ್ಲೆಯಲ್ಲಿ ಕುಳಿತವರು, ತಂದೆ ಬ್ಯಾಂಕಿನಲ್ಲಿಯೋ ರೈಲ್ವೆಯಲ್ಲಿಯೋ ಸೇವೆ ಸಲ್ಲಿಸಿ ನಿವೃತ್ತರಾದವರು. ಮಗಳು ಪುಣೆಯ ಹಿಂಜವಡಿಯಲ್ಲಿಯೋ ಹೈದರಾಬಾದಿನ ಮಾಧಾಪುರದಲ್ಲಿಯೋ ಚೆನ್ನೈಯ ಹಳೆ ಮಹಾಬಲಿಪುರಂ ರಸ್ತೆಯಲ್ಲಿಯೋ ಗಣಕಯಂತ್ರದ ಮುಂದೆ ಕುಳಿತಿದ್ದಾಳೆ. ಈ ಉದ್ಯಮ ನಮ್ಮವರಿಗೆ ಅನ್ನವನ್ನೂ ಮಾನವನ್ನೂ ಕೊಟ್ಟಿದೆ. ಆದ್ದರಿಂದಲೇ ಅದರೊಳಗೆ ಬಹುಕಾಲದಿಂದ ನಡೆದುಬಂದು ಈಗ ಕಹಿಯ ಘಟ್ಟವನ್ನು ಮುಟ್ಟಿರುವ ಒಂದು ವಾಗ್ವಾದವನ್ನು ನಾವು ದೂರ ನಿಂತು ನೋಡುವಂತಿಲ್ಲ. ಸಾಫ್ಟ್‌ವೇರ್ ಬರೆಯುವವರಲ್ಲಿ ಮಹಿಳೆಯರು, ದಲಿತರು, ಅಲ್ಪಸಂಖ್ಯಾತರು, ವಿಕಲಚೇತನರು, ಹಳ್ಳಿಗಾಡಿನವರು, ಅಮೆರಿಕದಲ್ಲಾದರೆ ಕಪ್ಪು ವರ್ಣದವರು ತಕ್ಕ ಪ್ರಮಾಣದಲ್ಲಿ ಇರಬೇಕೆ? ಇಲ್ಲದಿದ್ದರೆ ಯಾರಿಗೇನು ನಷ್ಟ? ಯಂತ್ರಕ್ಕೆ ಜಾತಿಯಿಲ್ಲ, ಲಿಂಗವಿಲ್ಲ, ಪ್ರತಿಭೆಯೊಂದಿದ್ದರೆ ಸಾಕಲ್ಲವೆ? ಇದು ಆ ವಾಗ್ವಾದದ ತಿರುಳು.

ಅಮೆರಿಕದ ದೊಡ್ಡ ಕಂಪನಿಗಳು ಈ ಪ್ರಶ್ನೆಗೆ ಒಂದು ಕಾಲದಲ್ಲಿ ಬಹಳ ಉತ್ಸಾಹದಿಂದ ಉತ್ತರ ಹೇಳಿದವು. 2014ರಲ್ಲಿ ಗೂಗಲ್ ತನ್ನ ನೌಕರವರ್ಗದ ಲೆಕ್ಕವನ್ನು ಮೊದಲ ಬಾರಿಗೆ ಬಹಿರಂಗಪಡಿಸಿತು. ಒಟ್ಟು ನೌಕರರಲ್ಲಿ ಮಹಿಳೆಯರು ಶೇಕಡಾ 30, ತಾಂತ್ರಿಕ ಹುದ್ದೆಗಳಲ್ಲಿ ಶೇಕಡಾ 17. ಅಮೆರಿಕದ ನೌಕರರಲ್ಲಿ ಕಪ್ಪು ವರ್ಣದವರು ಕೇವಲ ಶೇಕಡಾ 2. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದು ಲೆಕ್ಕ ಒಪ್ಪಿಸಿದವು, ಗುರಿಗಳನ್ನು ಸಾರಿದವು, ವೈವಿಧ್ಯಕ್ಕೆಂದೇ ಅಧಿಕಾರಿಗಳನ್ನು ನೇಮಿಸಿದವು. ಅನಂತರ ರಾಜಕೀಯದ ಗಾಳಿ ತಿರುಗಿತು. 2025ರ ಜನವರಿಯಲ್ಲಿ ಮೆಟಾ ತನ್ನ ವೈವಿಧ್ಯದ ಕಾರ್ಯಕ್ರಮಗಳನ್ನು ನಿಲ್ಲಿಸಿತು. ಫೆಬ್ರವರಿಯಲ್ಲಿ ಗೂಗಲ್ ನೇಮಕಾತಿಯ ಗುರಿಗಳನ್ನು ಕೈಬಿಟ್ಟಿತು. ಹತ್ತು ವರ್ಷ ಉಪದೇಶ ಮಾಡಿದವರು ಒಂದೆರಡು ತಿಂಗಳಲ್ಲಿ ಮಾತು ಬದಲಿಸಿದರು.

ಇಷ್ಟು ಬೇಗ ಬದಲಾದುದೇಕೆ? ವೈವಿಧ್ಯದಿಂದ ಲಾಭ ಹೆಚ್ಚುತ್ತದೆ ಎಂಬ ವಾದದ ಮೇಲೆ ಅವರು ಇಡೀ ಕಟ್ಟಡವನ್ನು ಎಬ್ಬಿಸಿದ್ದುದೇ ಕಾರಣವೆಂದು ನಮಗೆ ತೋರುತ್ತದೆ. ಮೆಕಿನ್ಸಿ ಎಂಬ ಸಲಹಾ ಸಂಸ್ಥೆ 2015ರಿಂದ ಪ್ರಕಟಿಸುತ್ತ ಬಂದ ವರದಿಗಳು ಈ ವಾದಕ್ಕೆ ಆಧಾರವಾಗಿದ್ದವು. ಜೆರೆಮಿಯ ಗ್ರೀನ್ ಮತ್ತು ಜಾನ್ ಹ್ಯಾಂಡ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ ಪ್ರಮುಖ ಕಂಪನಿಗಳ ಲೆಕ್ಕಗಳನ್ನು ಹಿಡಿದು ಪರಿಶೀಲಿಸಿದಾಗ ಆ ಫಲಿತಾಂಶ ಅವರಿಗೆ ದೊರೆಯಲಿಲ್ಲ. ಅವರ ಲೇಖನ 2024ರಲ್ಲಿ ಪ್ರಕಟವಾಯಿತು. ನ್ಯಾಯವನ್ನು ಲಾಭದ ಕಂಬಕ್ಕೆ ಕಟ್ಟಿದರೆ ಕಂಬ ಅಲುಗಿದ ದಿನ ನ್ಯಾಯವೂ ಅಲುಗುತ್ತದೆ. ಆದಕಾರಣ ವೈವಿಧ್ಯದ ಪ್ರಶ್ನೆಯನ್ನು ಬೇರೆಯೇ ನೆಲೆಯಿಂದ ವಿಚಾರ ಮಾಡಬೇಕಾಗಿದೆ.

ಮೊದಲು ಇತಿಹಾಸವನ್ನು ನೋಡೋಣ. ಗಣಕದ ಕೆಲಸ ಗಂಡಸರ ಸಹಜ ಒಲವು ಎಂದು ನಂಬಿದವರು ಇಂದೂ ಇದ್ದಾರೆ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ಪರಿಚಯಗೊಂಡ ಎನಿಯಾಕ್ ಗಣಕಕ್ಕೆ ಕ್ರಮವಿಧಿಗಳನ್ನು ಜೋಡಿಸಿದವರು ಆರು ಮಂದಿ ಮಹಿಳೆಯರು. ಪ್ರದರ್ಶನ ಮುಗಿದ ರಾತ್ರಿಯ ಔತಣಕ್ಕೆ ಅವರನ್ನು ಕರೆಯಲಿಲ್ಲ. ಅವರ ಹೆಸರುಗಳು ಲೋಕಕ್ಕೆ ತಿಳಿಯಲು ಹಲವು ದಶಕಗಳೇ ಬೇಕಾದವು. ಇಂಗ್ಲೆಂಡಿನಲ್ಲಿ ಸ್ಟೆಫನಿ ಶರ್ಲಿ ಎಂಬಾಕೆ 1962ರಲ್ಲಿ ಆರು ಪೌಂಡುಗಳ ಬಂಡವಾಳದಿಂದ ಒಂದು ಸಾಫ್ಟ್‌ವೇರ್ ಕಂಪನಿಯನ್ನು ತೆರೆದರು. ಹಿಟ್ಲರನ ಕಾಲದಲ್ಲಿ, 1939ರಲ್ಲಿ, ನಿರಾಶ್ರಿತ ಬಾಲಕಿಯಾಗಿ ಆ ದೇಶಕ್ಕೆ ಬಂದವರು ಅವರು. ಹೆಣ್ಣಿನ ಸಹಿ ಇದ್ದ ಪತ್ರಗಳಿಗೆ ಉತ್ತರ ಬಾರದಿದ್ದಾಗ ‘ಸ್ಟೀವ್’ ಎಂದು ಸಹಿ ಮಾಡತೊಡಗಿದರು. ಮದುವೆಯಾಗಿ, ಮಕ್ಕಳಾಗಿ ಕೆಲಸ ಬಿಡಬೇಕಾಗಿ ಬಂದ ಹೆಂಗಸರನ್ನು ಕರೆದು ಮನೆಯಿಂದಲೇ ಕೆಲಸ ಮಾಡಿಸಿದರು. ಅವರ ಮೊದಲ 300 ಮಂದಿ ನೌಕರರಲ್ಲಿ 297 ಮಂದಿ ಮಹಿಳೆಯರು. ಕಾಂಕಾರ್ಡ್ ವಿಮಾನದ ಹಾರಾಟ ದಾಖಲಿಸುವ ಉಪಕರಣಕ್ಕೆ ಸಂಬಂಧಿಸಿದ ಕ್ರಮವಿಧಿಗಳು ಈ ಗೃಹಿಣಿಯರ ಊಟದ ಮೇಜುಗಳ ಮೇಲೆ ಸಿದ್ಧವಾದವು.

ಅಮೆರಿಕದಲ್ಲಿ 1984ರ ಸುಮಾರಿಗೆ ಗಣಕವಿಜ್ಞಾನದ ಪದವಿ ಪಡೆಯುವವರಲ್ಲಿ ಶೇಕಡಾ 37ರಷ್ಟು ಮಹಿಳೆಯರಿದ್ದರು. ಮುಂದಿನ ಕಾಲು ಶತಮಾನದಲ್ಲಿ ಅದು ಶೇಕಡಾ 18ರ ಆಸುಪಾಸಿಗೆ ಇಳಿಯಿತು. ಈ ಅವಧಿಯಲ್ಲಿ ಹೆಣ್ಣಿನ ಮಿದುಳು ಬದಲಾಗಲಿಲ್ಲ. ಮನೆಗೆ ಬಂದ ಗಣಕಯಂತ್ರವನ್ನು ಹುಡುಗರ ಆಟಿಕೆಯೆಂದು ಮಾರಿದರು, ಕಾಲೇಜುಗಳು ಮೊದಲೇ ಅಭ್ಯಾಸವಿದ್ದವರನ್ನು ಮಾದರಿಯಾಗಿಟ್ಟುಕೊಂಡವು, ಹುಡುಗಿಯರು ಹಿಂದೆ ಸರಿದರು. ನಮ್ಮ ದೇಶದಲ್ಲಾದರೋ ಗಣಕ ಹೆಣ್ಣುಮಕ್ಕಳಿಗೆ ಒಗ್ಗದ ವಿದ್ಯೆ ಎಂಬ ಭಾವನೆ ಬೇರೂರಲೇ ಇಲ್ಲ. ಬಿಸಿಲಲ್ಲಿ ಓಡಾಟವಿಲ್ಲದ, ಗೌರವದ ಉದ್ಯೋಗವೆಂದು ತಂದೆತಾಯಿಗಳೇ ಅವರನ್ನು ಈ ಕಡೆ ಕಳುಹಿಸಿದರು. ಇಂದು ಭಾರತದ ಈ ಉದ್ಯಮದ ನೌಕರರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಹಿಳೆಯರಿದ್ದಾರೆ. ಆದರೆ ಮೇಲಿನ ಹುದ್ದೆಗಳಿಗೆ ಏರಿದಂತೆ ಅವರ ಸಂಖ್ಯೆ ಕ್ಷೀಣಿಸುತ್ತದೆ. ಒಂದು ದೇಶದಲ್ಲಿ ಒಂದು ರೀತಿ, ಇನ್ನೊಂದು ದೇಶದಲ್ಲಿ ಇನ್ನೊಂದು ರೀತಿ ಇರುವುದನ್ನು ಪ್ರಕೃತಿಯ ನಿಯಮವೆಂದು ಕರೆಯುವುದು ಹೇಗೆ?

ಇನ್ನು ನಷ್ಟದ ಮಾತು. ಸಾಫ್ಟ್‌ವೇರ್ ಎಂಬುದು ಅದನ್ನು ಮಾಡಿದವರ ಲೋಕಜ್ಞಾನವನ್ನೇ ಒಡಲಲ್ಲಿ ಹೊತ್ತಿರುತ್ತದೆ. ಅವರು ಕಾಣದ ಮುಖವನ್ನು ಅದೂ ಕಾಣದು. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಕಪ್ಪು ವರ್ಣದ ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರ್‌ಗಳನ್ನು ಪರೀಕ್ಷೆಗೆ ಒಡ್ಡಿದರು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 0.8ನ್ನು ಮೀರಲಿಲ್ಲ, ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇಕಡಾ 34.7ರವರೆಗೆ ಏರಿತು. ಮಾಡಿದವರಲ್ಲಿ ದ್ವೇಷವಿತ್ತೆಂದು ಇದರ ಅರ್ಥವಲ್ಲ. ಆ ಮುಖಗಳನ್ನೂ ಹಾಕಿ ನೋಡೋಣ ಎಂದು ಕೇಳುವ ಒಬ್ಬರೂ ಆ ಕೋಣೆಯಲ್ಲಿ ಇದ್ದಂತಿಲ್ಲ. ಅದೇ ವರ್ಷ ಅಮೆಜಾನ್ ಕಂಪನಿಯ ಇನ್ನೊಂದು ಪ್ರಯೋಗದ ಸುದ್ದಿಯನ್ನು ರಾಯಿಟರ್ಸ್ ಹೊರಗೆಡವಿತು. ಉದ್ಯೋಗದ ಅರ್ಜಿಗಳನ್ನು ತೂಗಿ ನೋಡಲು ಯಂತ್ರಕ್ಕೆ ಹಿಂದಿನ ವರ್ಷಗಳ ಅರ್ಜಿಗಳನ್ನು ಉಣಿಸಿದ್ದರು. ಅವು ಹೆಚ್ಚಾಗಿ ಗಂಡಸರವಾಗಿದ್ದುದರಿಂದ ಮಹಿಳಾ ಸಂಘ, ಮಹಿಳಾ ತಂಡ ಎಂಬಂಥ ಮಾತು ಕಂಡ ಅರ್ಜಿಗಳಿಗೆ ಯಂತ್ರ ಕಡಿಮೆ ಅಂಕ ಕೊಡತೊಡಗಿತು. ಕಂಪನಿ ಆ ಪ್ರಯೋಗವನ್ನೇ ಕೈಬಿಟ್ಟಿತು. ಯಂತ್ರಕ್ಕೆ ಲಿಂಗವಿಲ್ಲ ಎನ್ನುವವರು ಈ ಪ್ರಸಂಗವನ್ನು ಗಮನಿಸಬೇಕು: ಅದು ತನಗಿಲ್ಲದ ಪೂರ್ವಗ್ರಹವನ್ನು ನಮ್ಮಿಂದ ಕಲಿಯಿತು.

ಇದನ್ನು ತಿಳಿಯಲು ಕನ್ನಡಿಗರು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಮನೆತನದ ಹೆಸರನ್ನೇ ಇಟ್ಟುಕೊಳ್ಳದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿಂದ ಬದುಕಿದ ನಮ್ಮವರು ಗಣಕದ ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಖಾಲಿ ಜಾಗದ ಮುಂದೆ ಎಷ್ಟು ಸಲ ತಡವರಿಸಿಲ್ಲ! ಪಾಸ್‌ಪೋರ್ಟಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು, ವಿಮಾನದ ಟಿಕೆಟ್ಟಿನಲ್ಲಿ ಮತ್ತೊಂದು ಹೆಸರಾಗಿ ಎಷ್ಟು ಮಂದಿ ಪರದಾಡಿಲ್ಲ! ಎಲ್ಲ ಮನುಷ್ಯರಿಗೂ ಎರಡು ತುಂಡಿನ ಹೆಸರು ಇದ್ದೇ ಇರುತ್ತದೆ ಎಂದು ನಂಬಿದವರು ಆ ಅರ್ಜಿಯನ್ನು ರೂಪಿಸಿದ್ದರು. ನಮ್ಮ ಲಿಪಿಯ ಕಥೆಯೂ ಹೀಗೆಯೇ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ಮೈಕ್ರೋಸಾಫ್ಟಿನ ವಿಂಡೋಸ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು 2001ರ ಎಕ್ಸ್‌ಪಿ ಆವೃತ್ತಿ ಬರಬೇಕಾಯಿತು. ಆ ಹತ್ತು ವರ್ಷ ಕನ್ನಡದ ಕೆಲಸ ನಿಲ್ಲಲಿಲ್ಲವಾದರೆ ಅದಕ್ಕೆ ಕಾರಣ ಕನ್ನಡದ ಕಷ್ಟವನ್ನು ಸ್ವತಃ ಬಲ್ಲವರು. ಹಿಂದೆ ಮುಂಬಯಿಯಲ್ಲಿ ದುಡಿದ ಕಿನ್ನಿಕಂಬಳ ಪದ್ಮನಾಭ ರಾಯರು ಉಚ್ಚಾರಣೆಗೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಬೆಂಗಳೂರಿನಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಇವರಲ್ಲಿ ಇಬ್ಬರು ಹೊರನಾಡಿನ ಅನ್ನ ಉಂಡವರೆಂಬುದು ನಮಗೆ ಅಭಿಮಾನದ ಸಂಗತಿ. ಅಗತ್ಯವನ್ನು ಅರಿತವನು ಮೇಜಿನ ಬಳಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಬೇರೆ ಪುರಾವೆ ಬೇಡ.

ಇಷ್ಟಾದರೂ ‘ಅರ್ಹತೆ’ ಎಂಬ ಮಾತು ಬಂದೊಡನೆ ನಮ್ಮಲ್ಲಿ ಹಲವರು ಕಠಿಣರಾಗುತ್ತಾರೆ. ನಾವು ಓದಿ ಮೇಲೆ ಬಂದೆವು, ಬೇರೆಯವರೂ ಓದಲಿ ಎನ್ನುತ್ತಾರೆ. ಓದಿದ್ದು ನಿಜ, ಎಲ್ಲಿ ಓದಿದೆವು ಎಂಬುದನ್ನೂ ಜ್ಞಾಪಿಸಿಕೊಳ್ಳಬೇಕು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ನಮ್ಮ ಹಿರಿಯರ ದೊಡ್ಡ ಸಾಧನೆ. ಕರಾವಳಿಯಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಅಲ್ಲಿ ಅಕ್ಷರ ಕಲಿತರು. ಮುಂದೆ ಅವರಲ್ಲಿ ಬ್ಯಾಂಕಿನ ಅಧಿಕಾರಿಗಳೂ ವಕೀಲರೂ ಪ್ರಾಧ್ಯಾಪಕರೂ ಆದರು. ಲೋಟ ತೊಳೆಯುವಾಗಲೂ ಅವರಲ್ಲಿ ಶಕ್ತಿ ಇತ್ತು. ಯಾರೋ ಒಬ್ಬರು ರಾತ್ರಿ ಎಂಟು ಗಂಟೆಗೆ ದೀಪ ಹಚ್ಚಿ ಬಾಗಿಲು ತೆರೆದ ಮೇಲೆ ಆ ಶಕ್ತಿಗೆ ಅರ್ಹತೆಯೆಂಬ ಹೆಸರು ಬಂದಿತು.

ಇಂದಿನ ಸಾಫ್ಟ್‌ವೇರ್ ಉದ್ಯಮದಲ್ಲಿ ಆ ಬಾಗಿಲು ಎಲ್ಲಿದೆ? ಖಾಸಗಿ ಕಂಪನಿಗಳಿಗೆ ಸಂವಿಧಾನದ ಮೀಸಲಾತಿ ಅನ್ವಯಿಸದು. ಜಾತಿಯ ಪ್ರಶ್ನೆಗೆ ಉತ್ತರಗಳೂ ಒಂದೇ ತೆರನಾಗಿಲ್ಲ. ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಿ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿಗೆ ಅದರ ಮೂರನೆಯ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರನೆಯ ಒಂದು ಪಾಲು ಮಾತ್ರ ಇದ್ದಿತು. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ದೆಹಲಿಯ ಸುತ್ತಮುತ್ತ 371 ಹುದ್ದೆಗಳಿಗೆ 3160 ಅರ್ಜಿಗಳನ್ನು ಕಳುಹಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲ್ ಸೆಂಟರ್ ಹುದ್ದೆಗಳಲ್ಲಿ ಹಿಂದುಳಿದ ಜಾತಿಗಳಿಗೆ ತೊಡಕು ಕಂಡಿತಾದರೂ ಸಾಫ್ಟ್‌ವೇರ್ ಹುದ್ದೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಉದ್ಯಮದ ಪರವಾದ ಈ ಸಾಕ್ಷ್ಯವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸಮಾನ ಪದವಿಯ ಅರ್ಜಿಯನ್ನು ಕಳುಹಿಸುವ ಹಂತಕ್ಕೆ ತಲುಪಿದವರಾರು ಎಂಬುದು ಅದಕ್ಕೂ ಹಿಂದಿನ ಪ್ರಶ್ನೆ. ಬೆಂಗಳೂರಿನ ಉದ್ಯಮವನ್ನು ಅಧ್ಯಯನ ಮಾಡಿದ ಕ್ಯಾರಲ್ ಉಪಾಧ್ಯ ಅವರು 2007ರಲ್ಲಿಯೇ ತೋರಿಸಿದಂತೆ, ಅಲ್ಲಿನ ನೌಕರರು ಬಹುಮಟ್ಟಿಗೆ ನಗರದ, ಮಧ್ಯಮವರ್ಗದ, ಮೇಲ್ಜಾತಿಯ, ಇಂಗ್ಲಿಷ್ ಬಲ್ಲ ಮನೆಗಳಿಂದ ಬಂದವರು. ಕಂಪನಿ ಕೆಲವೇ ಕಾಲೇಜುಗಳ ಅಂಗಳಕ್ಕೆ ಹೋಗುತ್ತದೆ; ‘ಮಾತುಗಾರಿಕೆ’ ಎಂಬ ಹೆಸರಿನಲ್ಲಿ ಇಂಗ್ಲಿಷಿನ ಧಾಟಿಯನ್ನು ಅಳೆಯುತ್ತದೆ; ಒಳಗಿರುವವರು ತಮ್ಮ ಪರಿಚಿತರನ್ನು ಶಿಫಾರಸು ಮಾಡುತ್ತಾರೆ. ಯಾರೂ ಯಾರನ್ನೂ ತಡೆದಿಲ್ಲ. ಆದರೂ ಒಳಗೆ ಬರುವವರು ಒಂದೇ ಓಣಿಯವರು.

ಜಾತಿ ಸಾಗರವನ್ನು ದಾಟುವುದಿಲ್ಲ ಎಂಬ ನಂಬಿಕೆಯೂ ಅಲುಗಿದೆ. 2020ರ ಜೂನ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಇಲಾಖೆಯೊಂದು ಸಿಸ್ಕೊ ಕಂಪನಿಯ ಮೇಲೂ ಅಲ್ಲಿನ ಇಬ್ಬರು ಭಾರತೀಯ ಮೂಲದ ಮೇಲಧಿಕಾರಿಗಳ ಮೇಲೂ ದಾವೆ ಹೂಡಿತು. ದಲಿತ ಎಂಜಿನಿಯರೊಬ್ಬರನ್ನು ಜಾತಿಯ ಕಾರಣದಿಂದ ಕೀಳಾಗಿ ಕಂಡರೆಂಬುದು ಆರೋಪ. ಕಂಪನಿ ಅದನ್ನು ನಿರಾಕರಿಸಿತು. 2023ರ ಏಪ್ರಿಲಿನಲ್ಲಿ ಇಲಾಖೆಯೇ ಆ ಇಬ್ಬರ ಮೇಲಿನ ದಾವೆಯನ್ನು ಹಿಂತೆಗೆದುಕೊಂಡಿತು. ಆ ದಾವೆಯ ಸತ್ಯಾಸತ್ಯವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಅದರ ಸುತ್ತ ಎದ್ದ ಚರ್ಚೆಯಾದರೋ ಮುಖ್ಯವಾದದ್ದು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿಭೇದವನ್ನು ನಿಷೇಧಿಸಿತು. ಪುಣೆಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಕ್ಷಮಾ ಸಾವಂತ್ ಅಲ್ಲಿನ ನಗರಸಭೆಯಲ್ಲಿ ಆ ಪ್ರಸ್ತಾವವನ್ನು ಮಂಡಿಸಿದವರು. ಕ್ಯಾಲಿಫೋರ್ನಿಯದಲ್ಲಿ ಇಂಥದೇ ಮಸೂದೆ ಶಾಸನಸಭೆಯಲ್ಲಿ ಅಂಗೀಕೃತವಾದರೂ ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯಪಾಲರು ಅದನ್ನು ತಡೆಹಿಡಿದರು. ಇರುವ ಕಾನೂನೇ ಸಾಕೆಂಬುದು ಅವರು ಕೊಟ್ಟ ಕಾರಣ. ಈ ಎರಡೂ ಕಡೆ ಬಲವಾಗಿ ವಿರೋಧಿಸಿದವರಲ್ಲಿ ಭಾರತೀಯ ಮೂಲದ ಸಂಘಟನೆಗಳೂ ಇದ್ದವು. ಮೈಬಣ್ಣದ ಕಾರಣಕ್ಕೆ ತಮ್ಮನ್ನು ಕಡೆಗಣಿಸಬಾರದೆಂದು ಕೇಳುವ ಹಕ್ಕು ನಮ್ಮವರಿಗೆ ಖಂಡಿತ ಉಂಟು. ಅದೇ ಹಕ್ಕನ್ನು ಪಕ್ಕದ ಮೇಜಿನ ದಲಿತ ಸಹೋದ್ಯೋಗಿ ಕೇಳಿದಾಗ ಮುಖ ಸಿಂಡರಿಸುವುದು ಯಾವ ನ್ಯಾಯ?

ಈ ಮಾತನ್ನು ನಾಡಿನ ಪ್ರಶ್ನೆಗೂ ಅನ್ವಯಿಸಿ ನೋಡಬೇಕು. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಇತರ ಹುದ್ದೆಗಳಲ್ಲಿ ಶೇಕಡಾ 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ನೀಡಿತು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನ್ಯಾಸ್‌ಕಾಂ ಕಟುವಾಗಿ ವಿರೋಧಿಸಿತು. ಒಂದೆರಡು ದಿನಗಳಲ್ಲೇ ಸರ್ಕಾರ ಅದನ್ನು ತಡೆಹಿಡಿಯಿತು. ಇಂಥದೇ ಹರಿಯಾಣದ ಕಾಯಿದೆಯನ್ನು ಅಲ್ಲಿನ ಉಚ್ಚ ನ್ಯಾಯಾಲಯ 2023ರ ನವೆಂಬರಿನಲ್ಲಿ ರದ್ದುಗೊಳಿಸಿತ್ತು. ಬೆಂಗಳೂರಿನ ನೆಲ, ನೀರು, ರಸ್ತೆಗಳನ್ನು ಬಳಸುವ ಉದ್ಯಮದಲ್ಲಿ ರಾಯಚೂರಿನ, ಚಾಮರಾಜನಗರದ ಹುಡುಗನಿಗೆ ಸ್ಥಾನವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. 1986ರಲ್ಲಿ ಸರೋಜಿನಿ ಮಹಿಷಿ ಸಮಿತಿಯ ವರದಿ ಬಂದಾಗಿನಿಂದಲೂ ಅದು ಉತ್ತರಕ್ಕಾಗಿ ಕಾದಿದೆ. ಆದರೆ 2024ರ ಮಸೂದೆ ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ ಹದಿನೈದು ವರ್ಷ ನೆಲೆಸಿ ಕನ್ನಡ ಬಲ್ಲವನು ಎಂದು ಹೇಳಿತ್ತು. ಮಾಟುಂಗದಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಗಳು ಆ ಲೆಕ್ಕದಲ್ಲಿ ಕನ್ನಡನಾಡಿಗೂ ಹೊರಗಿನವಳು!

ಹೊರಗಿನವರಾಗಿರುವುದೆಂದರೆ ಏನೆಂದು ಹೊರನಾಡ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1960ರ ದಶಕದ ಮುಂಬಯಿಯಲ್ಲಿ ‘ಮಾರ್ಮಿಕ’ ಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಯನ್ನು ಅಚ್ಚು ಮಾಡುತ್ತಿತ್ತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಅಂದು ನಾವು ಕೇಳಿದ್ದು ದಯೆಯನ್ನಲ್ಲ. ನಮ್ಮ ದುಡಿಮೆಯನ್ನು ನೋಡಿ, ಹೆಸರನ್ನು ನೋಡಬೇಡಿ ಎಂದು ಕೇಳಿದೆವು. ಹುಟ್ಟಿದ ಊರನ್ನು ಅಳತೆಗೋಲಾಗಿಸುವ ಕಾಯಿದೆ ಆ ಹಳೆಯ ಪಟ್ಟಿಯನ್ನು ನೆನಪಿಸುತ್ತದೆ; ಹಿಂದುಳಿದ ಜಿಲ್ಲೆಗಳ ಕಾಲೇಜುಗಳನ್ನು ಮೇಲೆತ್ತಿ, ಅಲ್ಲಿಗೂ ಕಂಪನಿಗಳು ಹೋಗುವಂತೆ ಮಾಡುವ ನೀತಿ ನಮ್ಮ ರಾತ್ರಿಶಾಲೆಯನ್ನು ನೆನಪಿಸುತ್ತದೆ. ಎರಡರಲ್ಲಿ ಯಾವುದನ್ನು ಬೆಂಬಲಿಸಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಸಾಫ್ಟ್‌ವೇರ್ ಉದ್ಯಮದಲ್ಲಿ ವೈವಿಧ್ಯ ಮುಖ್ಯವೆ ಎಂಬ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟ: ಮುಖ್ಯ. ಇಂದು ಪಡಿತರ, ಪಿಂಚಣಿ, ಸಾಲ, ಆಸ್ಪತ್ರೆ, ಪರೀಕ್ಷೆಗಳೆಲ್ಲ ಆ ಸಾಫ್ಟ್‌ವೇರಿನ ಕೈಯಲ್ಲಿವೆ. ಎಲ್ಲರ ಬಾಳನ್ನು ಆಳುವ ಯಂತ್ರವನ್ನು ಕೆಲವೇ ಮನೆಗಳ ಮಕ್ಕಳು ಕಟ್ಟುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ. ಇದು ಅಮೆರಿಕದ ಅಧ್ಯಕ್ಷರ ಆಜ್ಞೆಯಿಂದ ಬರುವುದೂ ಅಲ್ಲ, ಹೋಗುವುದೂ ಅಲ್ಲ.

ನಮ್ಮ ಓದುಗರಲ್ಲಿ ಅನೇಕರು ಈಗ ಸಂದರ್ಶನದ ಮೇಜಿನ ಆ ಬದಿಯಲ್ಲಿ, ಆಯ್ಕೆ ಮಾಡುವವರ ಕುರ್ಚಿಯಲ್ಲಿ ಕುಳಿತಿದ್ದಾರೆ. ತಡವರಿಸುವ ಇಂಗ್ಲಿಷಿನ ಹಿಂದೆ ಇರುವ ತಿಳಿವಳಿಕೆಯನ್ನು ಅವರು ಹುಡುಕಬಲ್ಲರು. ಅಡ್ಡಹೆಸರನ್ನು ಕೆದಕದೆ ಇರಬಲ್ಲರು. ಹೆರಿಗೆಯ ಬಳಿಕ ಮರಳಿದವಳಿಗೆ ಹಳೆಯ ಜವಾಬ್ದಾರಿಯನ್ನೇ ಒಪ್ಪಿಸಬಲ್ಲರು. ಈ ವರ್ಷ ಒಂದು ಹೊಸ ಕಾಲೇಜಿಗೂ ಹೋಗೋಣ ಎಂದು ಕಂಪನಿಗೆ ಹೇಳಬಲ್ಲರು. ನಮ್ಮ ಸಂಘಗಳಿಗೂ ಕರ್ತವ್ಯವೊಂದಿದೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಕಟ್ಟಡದ ಕೂಲಿ ಮಾಡುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದವರು ಬಹಳ ಮಂದಿ ಇದ್ದಾರೆ. ಅವರೂ ಹೊರನಾಡ ಕನ್ನಡಿಗರೇ. ನಮ್ಮ ಸದಸ್ಯರ ಪಟ್ಟಿಗಳಲ್ಲಿ ಅವರ ಹೆಸರುಗಳೆಷ್ಟು? ಗಣಕಯಂತ್ರವಿರುವ ಒಂದು ಕೋಣೆ, ವಾರದಲ್ಲಿ ಮೂರು ಸಂಜೆ, ಕಲಿಸಲು ನಾಲ್ವರು ಎಂಜಿನಿಯರರು: ಇಷ್ಟಿದ್ದರೆ ಆ ಮಕ್ಕಳಿಗೊಂದು ಹೊಸ ರಾತ್ರಿಶಾಲೆಯಾಗುತ್ತದೆ. ಮುಂದಿನ ಸಂಚಿಕೆಯ ವೇಳೆಗೆ ಯಾವುದಾದರೂ ಒಂದು ಸಂಘ ಅಂಥದೊಂದನ್ನು ಆರಂಭಿಸಿದ ಸುದ್ದಿ ಬಂದರೆ ಅದಕ್ಕೆ ಈ ಪತ್ರಿಕೆಯ ಮೊದಲ ಪುಟವನ್ನೇ ಮೀಸಲಿಡುತ್ತೇವೆ.